ತೂಬಿನ ಕೀಲಿ ಯಾರ ಕೈಯಲ್ಲಿ?

(ಸಿರಿಗೇರಿಯಲ್ಲಿ ಅಕ್ಕಿ ಗಿರಣಿ ಕೆಲಸಗಾರರೂ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಭತ್ತದ ದರ, ಹಮಾಲಿ ಕೂಲಿ, ಕಾಲುವೆಯ ನೀರು, ಇವನ್ನೆಲ್ಲ ಬದಿಗಿಟ್ಟು ಅಮೆರಿಕ ದೇಶವು ಇಂಟರ್‌ನೆಟ್ಟನ್ನು ಆಳುವ ಬಗೆಯನ್ನು ಕುರಿತು ಸಿರಿಗೇರಿಯಲ್ಲಿ ಭಾಷಣ ಮಾಡುವುದೇಕೆ ಎಂದು ತಮ್ಮಲ್ಲಿ ಕೆಲವರು ಕೇಳಿದ್ದೀರಿ. ಕೇಳಬೇಕಾದ ಮಾತೇ. ಅದಕ್ಕೆ ಉತ್ತರವನ್ನು ವಾಷಿಂಗ್ಟನ್ನಿನಿಂದ ಆರಂಭಿಸುವುದಿಲ್ಲ. ತಮ್ಮ ಅಂಗಡಿಯ ಗಲ್ಲಾಪೆಟ್ಟಿಗೆಯಿಂದಲೇ ಆರಂಭಿಸುತ್ತೇವೆ.

ಗಲ್ಲಾಪೆಟ್ಟಿಗೆಯ ಮುಂದೆ ಒಂದು ಚೌಕದ ಚೀಟಿ ಅಂಟಿಸಿದೆ. ಅದರ ಪಕ್ಕದಲ್ಲಿ ಹಣ ಬಂತೆಂದು ಕೂಗುವ ಒಂದು ಡಬ್ಬಿ. ಕೂಲಿಯಾಳು ಬೀಡಿ ಕಟ್ಟು ಕೊಂಡರೂ ಫೋನಿನಲ್ಲೇ ಹಣ. ಇದರಿಂದ ಚಿಲ್ಲರೆಯ ತಾಪತ್ರಯ ತಪ್ಪಿತು, ನಿಜ. ಆದರೆ 2025ರ ಜುಲೈ ತಿಂಗಳಲ್ಲಿ ಏನಾಯಿತೆಂಬುದನ್ನು ಯಾರೂ ಮರೆತಿಲ್ಲ. ಯುಪಿಐ ಸೇವೆ ಕೊಡುವ ಕಂಪನಿಗಳಿಂದ ಲೆಕ್ಕ ತರಿಸಿಕೊಂಡು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿಯ ನೋಟಿಸು! ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಮುಂದೆ ‘ನಗದು ಮಾತ್ರ’ ಎಂಬ ಹಲಗೆಗಳು ಎದ್ದವು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಪ್ರತಿನಿಧಿಗಳನ್ನು ಕರೆಸಿ, ಹಳೆಯ ಬಾಕಿಯನ್ನು ವಸೂಲಿ ಮಾಡುವುದಿಲ್ಲವೆಂದು ಹೇಳಿದ ಮೇಲೆ ಗದ್ದಲ ತಣ್ಣಗಾಯಿತು.

ತೆರಿಗೆ ಕೊಡಬಾರದೆಂಬುದು ನಮ್ಮ ವಾದವಲ್ಲ. ಸರಕಿನ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದವರು, ಸೇವೆಯ ವಹಿವಾಟು 20 ಲಕ್ಷ ದಾಟಿದವರು ನೋಂದಾಯಿಸಿಕೊಳ್ಳಬೇಕೆಂಬುದು ಕಾನೂನು. ನಾವು ತೋರಿಸಬೇಕೆಂದಿರುವುದು ಬೇರೆ ಸಂಗತಿ. ನಮ್ಮ ಹಿರಿಯರ ಕಾಲದಲ್ಲಿ ಕಿರ್ದಿ ಪುಸ್ತಕವು ಅಂಗಡಿಯ ಗದ್ದಿಗೆಯ ಕೆಳಗಿರುತ್ತಿತ್ತು. ಅದನ್ನು ತೆರೆಯಬೇಕಾದರೆ ಸರಕಾರದವನು ಅಂಗಡಿಯ ಕಟ್ಟೆ ಹತ್ತಬೇಕಾಗಿತ್ತು. ಈಗ ನಮ್ಮ ಕಿರ್ದಿಯು ನಮ್ಮಲ್ಲಿಲ್ಲ. ಬರೆಯುವವನು ಬೇರೆ, ಇಟ್ಟುಕೊಳ್ಳುವವನು ಬೇರೆ, ಓದುವವನು ಬೇರೆ. ವ್ಯಾಪಾರ ಮಾಡುವವನಿಗೆ ಮಾತ್ರ ಕೊನೆಗೆ ಒಂದು ನೋಟಿಸು.

ಆ ಕಿರ್ದಿ ಯಾರ ಕೈಯಲ್ಲಿದೆ? ಯುಪಿಐ ಎಂಬ ವ್ಯವಸ್ಥೆಯು ನಮ್ಮ ದೇಶದ್ದೇ. 2016ರಲ್ಲಿ ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ ಕಟ್ಟಿದ ರಸ್ತೆ ಅದು. ಹೆಮ್ಮೆಯಿಂದ ಹೇಳಿಕೊಳ್ಳಬಹುದಾದ ಕೆಲಸ. ಆದರೆ ಆ ರಸ್ತೆಗೆ ಹತ್ತುವ ಬಾಗಿಲುಗಳಲ್ಲಿ ಎರಡೇ ಎರಡು, ಫೋನ್‌ಪೇ ಮತ್ತು ಗೂಗಲ್ ಪೇ, ನೂರಕ್ಕೆ 80ಕ್ಕಿಂತ ಹೆಚ್ಚು ವಹಿವಾಟನ್ನು ಹಿಡಿದುಕೊಂಡವು. ಫೋನ್‌ಪೇ ಕಚೇರಿ ಬೆಂಗಳೂರಿನಲ್ಲಿದೆ, ಆದರೆ ಅದರ ದೊಡ್ಡ ಪಾಲುದಾರ ಅಮೆರಿಕದ ವಾಲ್‌ಮಾರ್ಟ್. ಗೂಗಲ್ ಯಾರದೆಂದು ಹೇಳಬೇಕಾಗಿಲ್ಲ. ಒಂದೇ ಕಂಪನಿಯ ಕೈಗೆ ನೂರಕ್ಕೆ 30ಕ್ಕಿಂತ ಹೆಚ್ಚು ವಹಿವಾಟು ಹೋಗಬಾರದೆಂದು 2020ರ ನವೆಂಬರಿನಲ್ಲಿ ನಿಯಮ ಹೊರಡಿಸಿದರು. ಗಡುವನ್ನು ಒಮ್ಮೆ ಮುಂದೂಡಿದರು. 2024ರ ಡಿಸೆಂಬರಿನ ಕೊನೆಯ ದಿನ ಮತ್ತೊಮ್ಮೆ, 2026ರ ಡಿಸೆಂಬರ್ ಕೊನೆಯವರೆಗೆ, ಮುಂದೂಡಿದರು. ಸಣ್ಣ ವ್ಯಾಪಾರಿಯ ರಿಟರ್ನ್ ಒಂದು ದಿನ ತಡವಾದರೆ ದಂಡ ಬೀಳುತ್ತದೆ!

ಇಷ್ಟು ಹೇಳಿದ ಮೇಲೆ ಈಗ ಅಮೆರಿಕಕ್ಕೆ ಹೋಗಬಹುದು. ಹೋಗುವ ಮೊದಲು ಕಾಲುವೆಯ ದಂಡೆಯಲ್ಲಿ ಒಂದು ಕ್ಷಣ ನಿಲ್ಲೋಣ, ಏಕೆಂದರೆ ಈ ವಿಷಯವನ್ನು ತುಂಗಭದ್ರೆಯ ಜನಕ್ಕಿಂತ ಚೆನ್ನಾಗಿ ಬಲ್ಲವರಿಲ್ಲ. ಹೊಸಪೇಟೆಯಲ್ಲಿ ಅಣೆಕಟ್ಟು ಎದ್ದಿತು. 1953ರಲ್ಲಿ ಕಾಲುವೆಗೆ ನೀರು ಬಂತು. ಮೇಲ್ಭಾಗದವನು ತೂಬು ಎತ್ತಿದರೆ ಕೊನೆಭಾಗದ ರೈತನ ಗದ್ದೆ ಒಣಗುತ್ತದೆ. ಇದರಲ್ಲಿ ಅನ್ಯಾಯಗಳಿವೆ, ಜಗಳಗಳಿವೆ. ಆದರೂ ಒಂದು ತುಂಗಭದ್ರಾ ಮಂಡಳಿ ಇದೆ. ಆ ಮಂಡಳಿಯಲ್ಲಿ ಒಂದಕ್ಕಿಂತ ಹೆಚ್ಚು ರಾಜ್ಯಗಳು ಕೂರುತ್ತವೆ. ನೀರಾವರಿ ಸಲಹಾ ಸಮಿತಿ ಇದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ಯಾರನ್ನು ಕೇಳಬೇಕೆಂಬುದು ಎಲ್ಲರಿಗೂ ಗೊತ್ತಿತ್ತು. ಮಂತ್ರಿಗಳು ಬಂದರು, ಇಂಜಿನಿಯರುಗಳು ಬಂದರು, ರೈತರು ಹೋಗಿ ಗದರಿಸಿ ಕೇಳಿದರು, ಬದಲಿ ಗೇಟು ಇಳಿಸಿದರು. ಇಂಟರ್‌ನೆಟ್ಟೂ ಒಂದು ಕಾಲುವೆಯೇ. ಆದರೆ ಅದರ ತೂಬಿಗೆ ಇಂತಹ ಮಂಡಳಿ ಇಲ್ಲ. ಇರಕೂಡದೆಂಬುದೇ ಅಮೆರಿಕದ ನೀತಿ. ನಮ್ಮ ಇಂದಿನ ಮಾತೆಲ್ಲ ಇದೇ.

ಇಂಟರ್‌ನೆಟ್ಟಿನ ಮೊದಲ ತಂತಿಯನ್ನು 1969ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ ಎಳೆದರು. ಅದರ ಹೆಸರು ಅರ್ಪಾನೆಟ್. ಅಂದರೆ ಬೀಜ ಬಿತ್ತಿದ್ದು ಸರಕಾರದ ಹಣ, ಜನರ ತೆರಿಗೆ. ಬೆಳೆ ಬಂದಾಗ ಮಾತು ಬದಲಾಯಿತು. 1997ರಲ್ಲಿ ಕ್ಲಿಂಟನ್ ಸರಕಾರವು ಒಂದು ನೀತಿಪತ್ರ ಹೊರಡಿಸಿ, ಈ ಲೋಕದಲ್ಲಿ ಖಾಸಗಿ ಕಂಪನಿಗಳೇ ಮುಂದಾಳಾಗಬೇಕು, ಸರಕಾರಗಳು ಕೈಹಾಕಬಾರದು, ಸುಂಕ ಹಾಕಬಾರದು ಎಂದು ಸಾರಿತು. ಆಗ ದೊಡ್ಡ ಕಂಪನಿಗಳೆಲ್ಲ ಯಾವ ದೇಶದವು? ಅಮೆರಿಕದವು. ಎತ್ತಿನ ಗಾಡಿಯವನಿಗೂ ಲಾರಿಯವನಿಗೂ ರಸ್ತೆ ಮುಕ್ತವಾಗಿದೆ, ಇಬ್ಬರೂ ಪಂದ್ಯ ಕಟ್ಟಿರಿ ಎಂದಂತೆ.

ಮರುವರ್ಷ, 1998ರಲ್ಲಿ, ಕ್ಯಾಲಿಫೋರ್ನಿಯದಲ್ಲಿ ಐಕಾನ್ ಎಂಬ ಸಂಸ್ಥೆ ಹುಟ್ಟಿತು. ಇಡೀ ಲೋಕದ ವೆಬ್ ವಿಳಾಸಗಳ ಪಹಣಿ ಪುಸ್ತಕವನ್ನು ನೋಡಿಕೊಳ್ಳುವ ಕೆಲಸ ಅದರದು. ಹೊಲಕ್ಕೆ ಪಹಣಿ ಇದ್ದಹಾಗೆ ವಿಳಾಸಕ್ಕೆ ಈ ಪುಸ್ತಕ. ಅದರಲ್ಲಿ ಹೆಸರಿಲ್ಲದವನು ಲೋಕಕ್ಕೆ ಕಾಣುವುದಿಲ್ಲ. 2016ರ ಅಕ್ಟೋಬರ್ 1ರವರೆಗೂ ಈ ಪುಸ್ತಕದ ಮೇಲಣ ಕರಾರು ಅಮೆರಿಕದ ವಾಣಿಜ್ಯ ಇಲಾಖೆಯ ಕೈಯಲ್ಲೇ ಇತ್ತು. ಆಮೇಲೆ ಕರಾರು ಮುಗಿಯಿತು, ಆದರೆ ಸಂಸ್ಥೆಯು ಕ್ಯಾಲಿಫೋರ್ನಿಯದ ಕಾನೂನಿನಡಿಯಲ್ಲೇ ಉಳಿಯಿತು. ಆ ಪುಸ್ತಕದ ಮೂಲಪ್ರತಿಯನ್ನು ಹಂಚುವ ಬೇರು ಯಂತ್ರಗಳಿಗೆ 13 ಹೆಸರುಗಳು. ಅವನ್ನು ನಡೆಸುವ 12 ಸಂಸ್ಥೆಗಳಲ್ಲಿ 9 ಅಮೆರಿಕದವು. ಅವುಗಳಲ್ಲಿ ಅಮೆರಿಕದ ಸೈನ್ಯವೂ ರಕ್ಷಣಾ ಇಲಾಖೆಯೂ ಸೇರಿವೆ. ಉಳಿದ ಮೂರು ಸ್ವೀಡನ್, ನೆದರ್ಲೆಂಡ್ಸ್, ಜಪಾನುಗಳಲ್ಲಿ. ನಕಲು ಯಂತ್ರಗಳು ಭಾರತದಲ್ಲೂ ಇವೆ. ನಕಲು ನಮಗೆ, ಅಸಲು ಅವರಿಗೆ.

ಇದನ್ನು ಪ್ರಶ್ನಿಸಿದವರು ಇರಲಿಲ್ಲವೆ? ಇದ್ದರು. 2005ರಲ್ಲಿ ಟ್ಯುನಿಸ್ ನಗರದಲ್ಲಿ ವಿಶ್ವಸಂಸ್ಥೆಯ ಸಮ್ಮೇಳನ ನಡೆದಾಗ ಅನೇಕ ರಾಷ್ಟ್ರಗಳು ಎದ್ದು ಕೇಳಿದವು. ಅಮೆರಿಕ ಜಗ್ಗಲಿಲ್ಲ. ಕೊನೆಗೆ ಒಂದು ವೇದಿಕೆಯನ್ನು ಕೊಟ್ಟರು, ವರ್ಷಕ್ಕೊಮ್ಮೆ ಕೂಡಿ ಮಾತನಾಡಿರೆಂದು. ಮಾತನಾಡಬಹುದು, ತೀರ್ಮಾನ ಮಾಡುವಂತಿಲ್ಲ. ಆ ವೇದಿಕೆಯ ಒಂದು ಸಭೆ 2008ರ ಡಿಸೆಂಬರಿನಲ್ಲಿ ನಮ್ಮ ನೆರೆಯ ಹೈದರಾಬಾದಿನಲ್ಲೇ ನಡೆಯಿತು. ಬಳ್ಳಾರಿಯಿಂದ ಒಂದು ರಾತ್ರಿಯ ಪ್ರಯಾಣ. ನಮ್ಮ ಕಡೆಯ ಯಾವ ಅಂಗಡಿಯವನಿಗೂ ಅದರ ಸುದ್ದಿ ಮುಟ್ಟಲಿಲ್ಲ. 2011ರ ಅಕ್ಟೋಬರಿನಲ್ಲಿ ಭಾರತವು ವಿಶ್ವಸಂಸ್ಥೆಯಲ್ಲಿ ಒಂದು ಗಟ್ಟಿ ಮಾತು ಆಡಿತು: 50 ರಾಷ್ಟ್ರಗಳ ಒಂದು ಸಮಿತಿ ಇರಲಿ, ಇಂಟರ್‌ನೆಟ್ಟಿನ ನೀತಿಯನ್ನು ಅದು ನೋಡಿಕೊಳ್ಳಲಿ ಎಂದು. ತುಂಗಭದ್ರಾ ಮಂಡಳಿಯಂತಹ ಒಂದು ಮಂಡಳಿಯನ್ನೇ ಕೇಳಿದಂತಾಯಿತು. ಆ ಸೂಚನೆಗೆ ಆಸರೆ ಸಿಗಲಿಲ್ಲ. 2012ರ ಡಿಸೆಂಬರಿನಲ್ಲಿ ದುಬೈಯಲ್ಲಿ ಹೊಸ ಒಪ್ಪಂದವೊಂದು ಬಂದಾಗ 89 ದೇಶಗಳು ಸಹಿ ಹಾಕಿದವು, ಅಮೆರಿಕ ಎದ್ದು ಹೋಯಿತು. ಸಹಿ ಹಾಕದ 55 ದೇಶಗಳಲ್ಲಿ ಭಾರತವೂ ಒಂದು. 2015ರ ಜೂನ್ ಹೊತ್ತಿಗೆ ದೆಹಲಿಯ ಸರಕಾರವು ಅಮೆರಿಕದ ಮೆಚ್ಚಿನ ಪದ್ಧತಿಯನ್ನೇ, ಅಂದರೆ ಸರಕಾರ, ಕಂಪನಿ, ಪಂಡಿತರು, ನಾಗರಿಕರು ಎಲ್ಲರೂ ಸಮನಾಗಿ ಕೂರುವ ಪದ್ಧತಿಯನ್ನು, ಒಪ್ಪಿಕೊಂಡಿತು. ಕೇಳಲು ಇಂಪಾಗಿದೆ. ಆದರೆ ಆ ಸಭೆಗಳಿಗೆ ವಿಮಾನದ ಚೀಟಿ ಕೊಂಡು ಹೋಗುವವರು ಯಾರು? ಕಂಪನಿಯ ವಕೀಲರು ಪ್ರತಿ ಸಭೆಗೂ ಹೋಗುತ್ತಾರೆ. ಹಮಾಲರ ಸಂಘದವರು ಹೋಗುವುದಿಲ್ಲ.

ಅಮೆರಿಕದ ಮುಂದಾಳುಗಳು ಇದಕ್ಕೆ ಒಂದು ಉತ್ತರ ಕೊಡುತ್ತಾರೆ. ಸರಕಾರಗಳ ಕೈಗೆ ಕೊಟ್ಟರೆ ಅವು ಜನರ ಬಾಯಿ ಕಟ್ಟುತ್ತವೆ, ಆದುದರಿಂದ ಇಂಟರ್‌ನೆಟ್ ಸ್ವತಂತ್ರವಾಗಿರಲಿ, ಎನ್ನುತ್ತಾರೆ. ಈ ಮಾತು ಪೂರ್ತಿ ಸುಳ್ಳೆಂದು ನಾವು ಹೇಳುವುದಿಲ್ಲ. ಚೀನಾವನ್ನು ನೋಡಿರಿ. ತನ್ನ ಗಡಿಯೊಳಗಿನ ಇಂಟರ್‌ನೆಟ್ಟಿಗೆ ತಾನೇ ಒಡೆಯನೆಂದು ಅದು 2014ರಿಂದ ವೂಝೆನ್ ಪಟ್ಟಣದಲ್ಲಿ ವರ್ಷವರ್ಷವೂ ಸಮ್ಮೇಳನ ಕರೆದು ಸಾರುತ್ತಿದೆ. 2017ರ ಜೂನ್ 1ರಿಂದ ಅದಕ್ಕೆ ಕಟ್ಟುನಿಟ್ಟಾದ ಕಾನೂನೂ ಜಾರಿಗೆ ಬಂತು. ಅಲ್ಲಿಯ ಗಿರಣಿ ಕೆಲಸಗಾರನು ತನ್ನ ಕೂಲಿ ಬಾಕಿಯ ಬಗ್ಗೆ ನಾಲ್ಕು ಸಾಲು ಬರೆದರೆ ಅದು ಉಳಿಯುವ ಭರವಸೆಯಿಲ್ಲ. ಅಂತಹ ಬೇಲಿ ನಮಗೆ ಬೇಡ.

ಆದರೆ ಸ್ವಾತಂತ್ರ್ಯದ ಮಾತನಾಡುವವರ ಮನೆಯಲ್ಲಿ ಏನು ನಡೆಯುತ್ತಿತ್ತು? 2013ರ ಜೂನಿನಲ್ಲಿ ಎಡ್ವರ್ಡ್ ಸ್ನೋಡನ್ ಎಂಬ ಅಮೆರಿಕದವನೇ ಕಾಗದಪತ್ರಗಳನ್ನು ಹೊರಗೆ ಹಾಕಿದ. ಅಮೆರಿಕದ ಬೇಹು ಸಂಸ್ಥೆಯು ತನ್ನ ದೇಶದ ದೊಡ್ಡ ಕಂಪನಿಗಳ ಮೂಲಕ ಲೋಕದ ಮಾತನ್ನೆಲ್ಲ ಸೋಸುತ್ತಿದ್ದುದು ಬಯಲಾಯಿತು. ಆ ಪತ್ರಗಳ ಪ್ರಕಾರ 2013ರ ಮಾರ್ಚ್ ಒಂದೇ ತಿಂಗಳಲ್ಲಿ ಭಾರತದಿಂದ ಎತ್ತಿಕೊಂಡ ಮಾಹಿತಿಯ ತುಣುಕುಗಳು 630 ಕೋಟಿ. ಲೋಕದಲ್ಲಿ ನಮ್ಮದು ಐದನೆಯ ಸ್ಥಾನ. ಬ್ರೆಜಿಲಿನ ಅಧ್ಯಕ್ಷೆ ದಿಲ್ಮಾ ರೂಸೆಫ್ ವಾಷಿಂಗ್ಟನ್ ಭೇಟಿಯನ್ನೇ ಕೈಬಿಟ್ಟು ವಿಶ್ವಸಂಸ್ಥೆಯಲ್ಲಿ ಬಹಿರಂಗವಾಗಿ ಖಂಡಿಸಿದರು. ನಮ್ಮ ಅಂದಿನ ವಿದೇಶಾಂಗ ಸಚಿವರು ಅದನ್ನು ಬೇಹುಗಾರಿಕೆಯೆಂದೇ ಒಪ್ಪಲಿಲ್ಲ. 2018ರ ಮಾರ್ಚಿನಲ್ಲಿ ಅಮೆರಿಕವು ಇನ್ನೊಂದು ಕಾನೂನು ಮಾಡಿತು. ಅಮೆರಿಕದ ಕಂಪನಿಯು ತನ್ನ ಲೆಕ್ಕಪತ್ರವನ್ನು ಯಾವ ದೇಶದಲ್ಲೇ ಇಟ್ಟಿರಲಿ, ಅಮೆರಿಕದ ಕಾನೂನಿನಂತೆ ಆಜ್ಞೆ ಬಂದರೆ ಅದನ್ನು ಒಪ್ಪಿಸಬೇಕು. ಉಳಿದ ಸರಕಾರಗಳು ಗಡಿಯಾಚೆ ಕೈಚಾಚಬಾರದು. ತಮ್ಮ ಕೈ ಮಾತ್ರ ಎಲ್ಲಿಗೂ ಚಾಚಬಹುದು!

ಇನ್ನು ಹಣದ ವಿಷಯ. ವ್ಯಾಪಾರಿ ಮಿತ್ರರು ಸ್ವಲ್ಪ ಗಮನವಿಟ್ಟು ಕೇಳಬೇಕು. ತಾವು ಒಂದು ಮೂಟೆ ಸಿಮೆಂಟು ಮಾರಿದರೂ ಜಿಎಸ್‌ಟಿ. ಆದರೆ ನಮ್ಮ ಊರಿನ ಅಂಗಡಿಯವನು ಜಾಹೀರಾತಿಗೆಂದು ಕೊಟ್ಟ ಹಣವು ಸಮುದ್ರ ದಾಟಿ ಹೋಗಿ ಅಲ್ಲಿ ಲಾಭವಾದರೆ, ಆ ಲಾಭದ ಮೇಲೆ ಇಲ್ಲಿ ಆದಾಯ ತೆರಿಗೆ ಸಿಗುತ್ತಿರಲಿಲ್ಲ. ಈ ತೂತು ಮುಚ್ಚಲು 2016ರಲ್ಲಿ ಕೇಂದ್ರ ಸರಕಾರವು ಆನ್‌ಲೈನ್ ಜಾಹೀರಾತಿನ ಮೇಲೆ ನೂರಕ್ಕೆ 6ರಂತೆ ಸಮೀಕರಣ ಕರ ಹಾಕಿತು. ಜನ ಅದನ್ನು ಗೂಗಲ್ ತೆರಿಗೆ ಎಂದೇ ಕರೆದರು. 2020ರಲ್ಲಿ ಆನ್‌ಲೈನ್ ವ್ಯಾಪಾರದ ಮೇಲೆ ಇನ್ನೊಂದು, ನೂರಕ್ಕೆ 2. ಅಮೆರಿಕದ ವಾಣಿಜ್ಯ ಪ್ರತಿನಿಧಿಯ ಕಚೇರಿ ತಕ್ಷಣ ವಿಚಾರಣೆ ಹೂಡಿ, ಇದು ಅಮೆರಿಕದ ಕಂಪನಿಗಳ ವಿರುದ್ಧ ತಾರತಮ್ಯ ಎಂದು 2021ರ ಜನವರಿಯಲ್ಲಿ ತೀರ್ಪು ಕೊಟ್ಟುಕೊಂಡಿತು. ಪ್ರತಿಸುಂಕದ ಬೆದರಿಕೆ ಬಂತು. 2024ರ ಆಗಸ್ಟ್ 1ಕ್ಕೆ ನೂರಕ್ಕೆ 2ರ ಕರ ಹೋಯಿತು. 2025ರ ಏಪ್ರಿಲ್ 1ಕ್ಕೆ ನೂರಕ್ಕೆ 6ರದೂ ಹೋಯಿತು. ಅದೇ 2025ರ ಜುಲೈಯಲ್ಲೇ ಹಾವೇರಿಯ ತರಕಾರಿ ವ್ಯಾಪಾರಿಗೆ ನೋಟಿಸು ಬಂದದ್ದು. ಒಂದು ದೆಹಲಿಯ ಕೆಲಸ, ಇನ್ನೊಂದು ಬೆಂಗಳೂರಿನ ಕೆಲಸ, ಒಂದಕ್ಕೊಂದು ಸಂಬಂಧವಿಲ್ಲ ಎನ್ನಬಹುದು. ಇರಲಿ. ಎರಡು ತಾರೀಖುಗಳನ್ನೂ ತಾವು ಒಂದೇ ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿರಿ.

ತೂಬು ಇಳಿಸಿದರೆ ಏನಾಗುತ್ತದೆಂಬುದನ್ನೂ ಆ ಜುಲೈಯಲ್ಲೇ ಕಂಡೆವು. ಗುಜರಾತಿನ ವಾಡಿನಾರ್‌ನಲ್ಲಿ ನಯಾರ ಎನರ್ಜಿ ಎಂಬ ತೈಲ ಶುದ್ಧೀಕರಣ ಕಾರ್ಖಾನೆ ಇದೆ. ದೇಶದಲ್ಲಿ ಅದರ 6 ಸಾವಿರಕ್ಕೂ ಹೆಚ್ಚು ಪೆಟ್ರೋಲ್ ಬಂಕುಗಳಿವೆ. ಅದರಲ್ಲಿ ರಷ್ಯದ ರಾಸ್‌ನೆಫ್ಟ್ ಕಂಪನಿಯ ಪಾಲಿದೆ ಎಂಬ ಕಾರಣಕ್ಕೆ ಯೂರೋಪಿನ ಒಕ್ಕೂಟವು 2025ರ ಜುಲೈ 18ರಂದು ದಿಗ್ಬಂಧನ ಹಾಕಿತು. ಕೆಲವೇ ದಿನಗಳಲ್ಲಿ ಅಮೆರಿಕದ ಮೈಕ್ರೋಸಾಫ್ಟ್ ಕಂಪನಿಯು ನಯಾರದ ಟಪಾಲು, ಕಡತ, ಮಾತುಕತೆಯ ಯಂತ್ರವ್ಯವಸ್ಥೆಯನ್ನು ನಿಲ್ಲಿಸಿಬಿಟ್ಟಿತು. ಭಾರತದ ನೆಲ, ಭಾರತದ ಕೆಲಸಗಾರರು, ಹಣ ಕೊಟ್ಟು ಕೊಂಡ ಸೇವೆ. ಭಾರತದ ಯಾವ ಕಾನೂನೂ ಮುರಿದಿರಲಿಲ್ಲ. ಬ್ರಸೆಲ್ಸಿನ ಆಜ್ಞೆಗೆ ಅಮೆರಿಕದ ಕಂಪನಿ ತಲೆಬಾಗಿದರೆ ಗುಜರಾತಿನ ಕಾರ್ಖಾನೆಯ ಮೇಜಿನ ಮೇಲಣ ಟಪಾಲು ನಿಂತಿತು. ನಯಾರದವರು ದೆಹಲಿಯ ಹೈಕೋರ್ಟಿಗೆ ಹೋದ ಮೇಲೆ ಸೇವೆ ಮರಳಿ ಬಂತು. ಅಷ್ಟು ದೊಡ್ಡ ಕಂಪನಿಗೆ ವಕೀಲರಿದ್ದರು, ಬಂತು. ಸಿರುಗುಪ್ಪದ ಒಂದು ಅಕ್ಕಿ ಗಿರಣಿಯ ಲೆಕ್ಕದ ಯಂತ್ರವೋ, ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕದ ಆರ್ಡರಿನ ಪುಸ್ತಕವೋ ಹಾಗೆ ನಿಂತುಹೋದರೆ ಯಾವ ಬಾಗಿಲು ತಟ್ಟಬೇಕು? ವಾರದ ಬಟವಾಡೆ ನಿಂತರೆ ಕೆಲಸಗಾರನು ಯಾರ ಮುಂದೆ ಧರಣಿ ಕೂರಬೇಕು? 2022ರ ಮಾರ್ಚಿನಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಗಳು ರಷ್ಯದಲ್ಲಿ ಕೆಲಸ ನಿಲ್ಲಿಸಿದಾಗ ಅಲ್ಲಿ ಸ್ವಂತ ಕಾರ್ಡು ಇತ್ತು, ಒಳಗಿನ ವ್ಯವಹಾರ ನಡೆಯಿತು. ಯುದ್ಧದ ತಪ್ಪುಒಪ್ಪು ಬೇರೆ ಮಾತು. ಸ್ವಂತ ರಸ್ತೆ ಇದ್ದವನು ಉಳಿದ ಎಂಬುದಷ್ಟೇ ಇಲ್ಲಿ ಪ್ರಸ್ತುತ.

ಹಾಗಾದರೆ ಕೀಲಿಯನ್ನು ದೆಹಲಿಯ ಕೈಗೆ ಕೊಟ್ಟರಾಯಿತೆ? ಇಲ್ಲಿಯೂ ನಾವು ಕಣ್ಣು ಮುಚ್ಚಿಕೊಳ್ಳುವಂತಿಲ್ಲ. ನಮ್ಮದೇ ರಾಜ್ಯದ ಹೈಕೋರ್ಟಿನಲ್ಲಿ ಈ ಮೊಕದ್ದಮೆ ನಡೆದಿದೆ. ಇಂಥಿಂಥ ಬರಹಗಳನ್ನು ತೆಗೆದುಹಾಕಿರೆಂಬ ಕೇಂದ್ರದ ಆಜ್ಞೆಗಳನ್ನು ಟ್ವಿಟರ್ ಕಂಪನಿ ಪ್ರಶ್ನಿಸಿದಾಗ, 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತರು ಅರ್ಜಿಯನ್ನು ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ಹಾಕಿದರು. ಅಷ್ಟರಲ್ಲಾಗಲೇ ಎಲಾನ್ ಮಸ್ಕರ ಕೈಗೆ ಹೋಗಿದ್ದ ಆ ಕಂಪನಿ ಎಕ್ಸ್ ಎಂಬ ಹೆಸರಿನಲ್ಲಿ ಮತ್ತೆ ಬಂತು. ಈ ಸಲ ಕೇಂದ್ರ ಗೃಹ ಇಲಾಖೆಯ ‘ಸಹಯೋಗ’ ಎಂಬ ಪೋರ್ಟಲಿನ ವಿರುದ್ಧ. ಆ ಪೋರ್ಟಲಿನ ಮೂಲಕ ಅನೇಕ ಅಧಿಕಾರಿಗಳು ನೇರವಾಗಿ ಕಂಪನಿಗಳಿಗೆ ಬರೆದು ಬರಹ ತೆಗೆಸಬಹುದು. 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನರು ಆ ಅರ್ಜಿಯನ್ನೂ ವಜಾ ಮಾಡಿದರು. ವಾಕ್ ಸ್ವಾತಂತ್ರ್ಯದ 19ನೆಯ ವಿಧಿ ಭಾರತದ ನಾಗರಿಕರಿಗೆ ಮಾತ್ರ, ವಿದೇಶಿ ಕಂಪನಿಗಲ್ಲ ಎಂದು ಹೇಳಿದರು.

ಸರಿಯೇ. ಮಸ್ಕರ ಕಂಪನಿಯು ನಮ್ಮ ವಕೀಲನೆಂದು ನಾವು ಎಂದೂ ಭಾವಿಸಿಲ್ಲ. ಅದು ತನ್ನ ವ್ಯಾಪಾರಕ್ಕೆ ಹೋರಾಡಿತು. ಆದರೆ ಆ ಬರಹ ಬರೆದ ನಾಗರಿಕನು ಎಲ್ಲಿದ್ದಾನೆ? ಹಕ್ಕು ಅವನದೆಂದು ಕೋರ್ಟೇ ಹೇಳಿತು. ಅವನ ಬರಹ ಮಾಯವಾದಾಗ ಅವನಿಗೆ ನೋಟಿಸೂ ಇಲ್ಲದೆ ಹೋಗಬಹುದು. ಸರಕಾರ ಮತ್ತು ಕಂಪನಿಗಳ ನಡುವಿನ ಜಗಳದಲ್ಲಿ ಬರೆದವನನ್ನು ಯಾರೂ ಕರೆಯುವುದಿಲ್ಲ. ಅಮೆರಿಕದ ಯಜಮಾನಿಕೆ ಬೇಡವೆನ್ನುವ ನಮ್ಮ ಸರಕಾರವು ಚೀನಾದ ಬೇಲಿಯಿಂದ ನಾಲ್ಕು ಗೂಟ ಕಿತ್ತು ತಂದು ಇಲ್ಲಿ ನೆಟ್ಟರೆ, ಗದ್ದೆಗೆ ನೀರು ಬಂದಂತೆ ಆಗುವುದಿಲ್ಲ.

ಎರಡು ಸಂದರ್ಭಗಳಲ್ಲಿ ನಾವು ಗೆದ್ದಿದ್ದೇವೆಂಬುದನ್ನೂ ಹೇಳಬೇಕು. ಫೇಸ್‌ಬುಕ್ ಕಂಪನಿಯು ಬಡವರಿಗೆ ಉಚಿತ ಇಂಟರ್‌ನೆಟ್ ಕೊಡುತ್ತೇನೆಂದು ಬಂತು. ಉಚಿತವೆಂದರೆ ತಾನು ಆರಿಸಿದ ಕೆಲವು ತಾಣಗಳು ಮಾತ್ರ. ಸಂತೆಗೆ ಬರುವ ದಾರಿ ಪುಕ್ಕಟೆ, ಆದರೆ ನನ್ನ ಅಂಗಡಿಯ ಮುಂದಷ್ಟೇ ಇಳಿಯಬೇಕು ಎಂದಂತೆ. 2015ರಲ್ಲಿ ಈ ಬಗೆಯ ಯೋಜನೆಗಳ ವಿರುದ್ಧ ಹತ್ತು ಲಕ್ಷಕ್ಕೂ ಹೆಚ್ಚು ಪತ್ರಗಳು ಜನರಿಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರಕ್ಕೆ ಹೋದವು. 2016ರ ಫೆಬ್ರವರಿ 8ರಂದು ಪ್ರಾಧಿಕಾರವು ತಾಣಕ್ಕೊಂದು ದರ ಹಾಕಕೂಡದೆಂದು ನಿಯಮ ಮಾಡಿತು. ಕಂಪನಿಯ ಯೋಜನೆ ಮುಚ್ಚಿತು. ಇನ್ನೊಂದು, 2018ರ ಏಪ್ರಿಲ್ 6ರ ರಿಸರ್ವ್ ಬ್ಯಾಂಕಿನ ಸುತ್ತೋಲೆ. ಭಾರತದ ಹಣ ಪಾವತಿಯ ಲೆಕ್ಕವೆಲ್ಲ ಭಾರತದಲ್ಲೇ ಇರಬೇಕೆಂದು ಅದು ಹೇಳಿತು. ಅಮೆರಿಕದ ಕಂಪನಿಗಳು ಗೋಳಾಡಿದವು. ಬ್ಯಾಂಕು ಜಗ್ಗಲಿಲ್ಲ; 2021ರ ಜುಲೈಯಲ್ಲಿ ಮಾಸ್ಟರ್‌ಕಾರ್ಡಿಗೆ ಹೊಸ ಗಿರಾಕಿಗಳನ್ನು ಸೇರಿಸಿಕೊಳ್ಳದಂತೆ ತಡೆಯನ್ನೇ ಹಾಕಿತು. ಕಂಪನಿ ದಾರಿಗೆ ಬಂದ ಮೇಲೆ, 2022ರ ಜೂನಿನಲ್ಲಿ, ತಡೆ ತೆಗೆಯಿತು. ದೊಡ್ಡ ರಾಷ್ಟ್ರದ ಕಂಪನಿಗೆ ನಿಯಮ ಹಾಕಿದರೆ ಆಕಾಶ ಕಳಚಿ ಬೀಳುವುದಿಲ್ಲವೆಂದು ಇದರಿಂದ ತಿಳಿಯಿತು.

ಇವುಗಳ ಆಧಾರದ ಮೇಲೆ ಒಂದು ಠರಾವನ್ನು ಸಿದ್ಧಪಡಿಸಿದ್ದೇವೆ. ಯುಪಿಐಯಲ್ಲಿ ನೂರಕ್ಕೆ 30ರ ಮಿತಿಯನ್ನು ಮತ್ತೆ ಮುಂದೂಡದೆ ಜಾರಿಗೆ ತರಬೇಕು. ಅಮೆರಿಕದೊಡನೆ ಮಾಡುವ ಯಾವ ವ್ಯಾಪಾರ ಒಪ್ಪಂದದಲ್ಲೇ ಆಗಲಿ, ಮಾಹಿತಿ ಮತ್ತು ಡಿಜಿಟಲ್ ತೆರಿಗೆಯ ಷರತ್ತುಗಳನ್ನು ಸಹಿ ಹಾಕುವ ಮೊದಲು ಲೋಕಸಭೆಯ ಮುಂದಿಡಬೇಕು. ಬರಹ ತೆಗೆಸುವ ಪ್ರತಿ ಆಜ್ಞೆಯ ಪ್ರತಿಯೂ ಬರೆದವನ ಕೈಗೆ ಕಾರಣಸಹಿತ ಮುಟ್ಟಬೇಕು. ಫೋನಿನ ಲೆಕ್ಕ ನೋಡಿ ವ್ಯಾಪಾರಿಗೆ ನೋಟಿಸು ಕೊಡುವ ಮೊದಲು ಅವನು ಮಾರುವುದೇನೆಂದು ಅಂಗಡಿಗೆ ಬಂದು ನೋಡಬೇಕು. 2011ರಲ್ಲಿ ಭಾರತವೇ ಕೇಳಿ ಕೈಬಿಟ್ಟ ಅಂತಾರಾಷ್ಟ್ರೀಯ ಸಮಿತಿಯ ಮಾತನ್ನು ಮತ್ತೆ ಎತ್ತಬೇಕು. ಅದರಲ್ಲಿ ಸರಕಾರಗಳೊಂದಿಗೆ ಕೆಲಸಗಾರರ ಸಂಘಗಳಿಗೂ ಕೂರಲು ಜಾಗವಿರಬೇಕು ಎಂಬ ತಿದ್ದುಪಡಿಯೊಡನೆ.

ಠರಾವಿನ ಕರಡನ್ನು ಈಗ ಓದುತ್ತಾರೆ. ಬಟವಾಡೆಯನ್ನು ಬ್ಯಾಂಕಿಗೆ ಹಾಕುವ ವಿಚಾರವನ್ನೂ ಇದರಲ್ಲಿ ಸೇರಿಸಬೇಕೆಂದು ಹಮಾಲರಲ್ಲಿ ಕೆಲವರು ಕೇಳಿದ್ದಾರೆ. ಅದನ್ನು ಅವರೇ ಎದ್ದು ಹೇಳಲಿ, ವ್ಯಾಪಾರಿಗಳು ಉತ್ತರ ಕೊಡಲಿ. ಮತಕ್ಕೆ ಹಾಕುವುದು ಆಮೇಲೆ.